ಹುದ್ದೆ ಬದಲಿಸುವ ಮುನ್ನ



ನಮ್ಮ ಮನೆಯ ಪಡಸಾಲೆಗೆ ಬರುವ ಪ್ರಶ್ನೆಗಳ ಸ್ವರೂಪ ಈಚಿನ ವರ್ಷಗಳಲ್ಲಿ ಬದಲಾಗಿದೆ. ಹಿಂದೆ ತಂದೆತಾಯಿಗಳು ಬಂದು, ‘ಹುಡುಗನಿಗೆ ನೌಕರಿ ಎಂದು ದೊರೆತೀತು?’ ಎಂದು ಕೇಳುತ್ತಿದ್ದರು. ಈಗ ನೌಕರಿಯಲ್ಲಿರುವ ಮಗನೇ ಬಂದು, ‘ಇನ್ನೊಂದು ನೌಕರಿಯ ಆದೇಶ ಬಂದಿದೆ; ಹೋಗಲೋ, ಇರಲೋ?’ ಎಂದು ಕೇಳುತ್ತಾನೆ. ಪೊಲೀಸ್ ಪೇದೆಯಾದವನು ಶಿಕ್ಷಕನಾಗಲು ಓದುತ್ತಾನೆ. ಶಿಕ್ಷಕನಾದವನು ಪ್ರಥಮ ದರ್ಜೆ ಸಹಾಯಕನಾಗಲು ಓದುತ್ತಾನೆ. ಸಹಾಯಕನಾದವನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯಾಗಲು ರಾತ್ರಿಯೆಲ್ಲ ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಾನೆ. ಇದು ದೋಷವೆಂದು ನಾವು ಹೇಳುವುದಿಲ್ಲ. ಬೆಳೆಯಬೇಕೆಂಬ ಆಸೆ ಜೀವದ ಲಕ್ಷಣ. ಆದರೆ ಇರುವ ಹುದ್ದೆಯಿಂದ ಇನ್ನೊಂದಕ್ಕೆ ದಾಟುವಾಗ ಯಾವ ಅಳತೆಯಿಂದ ಅಳೆಯಬೇಕು ಎಂಬುದನ್ನು ಯಾವ ಪರೀಕ್ಷೆಯ ಪುಸ್ತಕವೂ ಕಲಿಸುವುದಿಲ್ಲ. ಅದನ್ನು ನಾವೂ ತಪ್ಪು ಮಾಡಿಯೇ ಕಲಿತವರು. ಆ ಕಥೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡಬೇಕೆನಿಸಿದೆ.

ಮೂರು ವರ್ಷಗಳ ಹಿಂದಿನ ಮಾತು. ದೇವದುರ್ಗ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಆರು ವರ್ಷ ಸೇವೆ ಸಲ್ಲಿಸಿದ್ದ ಶಿಕ್ಷಕರೊಬ್ಬರು ರಾಯಚೂರಿನ ನಮ್ಮ ಮನೆಗೆ ಬಂದರು. ಜೊತೆಯಲ್ಲಿ ಅವರ ಮಾವನವರು, ಹಿರಿಯಣ್ಣ ಹಾಗೂ ಧರ್ಮಪತ್ನಿ. ಆ ತರುಣನಿಗೆ ರಾಯಚೂರು ನಗರದ ಕಛೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕ ಹುದ್ದೆಯ ನೇಮಕಾತಿ ಆದೇಶ ಬಂದಿತ್ತು. ಅವರ ಸಂಸಾರ ಎರಡು ಊರುಗಳಲ್ಲಿ ಹಂಚಿಹೋಗಿತ್ತು. ಅವರು ದೇವದುರ್ಗದಲ್ಲಿ ಬಾಡಿಗೆಯ ಕೋಣೆ ಹಿಡಿದಿದ್ದರು. ಅಲ್ಲಿಂದ ಶಾಲೆಯ ಹಳ್ಳಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಮನೆ ಮಾತ್ರ ಮಾನ್ವಿಯಲ್ಲಿ. ಅಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿದ ತಾಯಿ, ಐದು ವರ್ಷದ ಮಗಳು, ಮತ್ತು ಗುತ್ತಿಗೆಯ ಮೇಲೆ ಶುಶ್ರೂಷಕಿಯಾಗಿ ದುಡಿಯುವ ಪತ್ನಿ. ಶನಿವಾರದ ಬೆಳಗಿನ ಶಾಲೆ ಮುಗಿಸಿ, ಸಿರವಾರದ ಮೇಲೆ ಬಸ್ಸು ಬದಲಿಸಿ ಮಾನ್ವಿ ಸೇರಿದರೆ, ಸೋಮವಾರ ನಸುಕಿನಲ್ಲಿ ಮತ್ತೆ ಹೊರಡಬೇಕು. ಇದು ಅವರ ಆರು ವರ್ಷಗಳ ದಿನಚರಿಯಾಗಿತ್ತು.

ಪಡಸಾಲೆಯಲ್ಲಿ ಕುಳಿತು ಗಂಡಸರೆಲ್ಲ ಮಾತನಾಡಿದೆವು. ಹಿರಿಯಣ್ಣನವರು ಬಡ್ತಿಯ ಲೆಕ್ಕ ಹೇಳಿದರು. ಶಿಕ್ಷಕನಾದರೆ ಮುಖ್ಯಗುರು, ಹೆಚ್ಚೆಂದರೆ ಪ್ರೌಢಶಾಲೆ. ಕಛೇರಿಯಲ್ಲಾದರೆ ಮೆಟ್ಟಿಲುಗಳು ಹೆಚ್ಚು. ಕಂದಾಯ ಇಲಾಖೆಯಲ್ಲಿ ಸಹಾಯಕರಾದವರು ಶಿರಸ್ತೇದಾರರಾಗಿ, ತಹಶೀಲ್ದಾರರೂ ಆಗಿದ್ದುಂಟು ಎಂದರು. ಮಾವನವರು ಸ್ವಲ್ಪ ಮುಂದೆ ಬಾಗಿ, ದನಿ ತಗ್ಗಿಸಿ, ‘ಆ ಆಫೀಸಿನ್ಯಾಗ ಪಗಾರದ ಮ್ಯಾಲೆ ನಾಕು ರೊಕ್ಕ ಬರ್ತಾವ್ರಿ ಗುರುಗಳೆ’ ಎಂದರು. ಶಿಕ್ಷಕರು ತಲೆ ತಗ್ಗಿಸಿ ಕುಳಿತಿದ್ದರು. ಅವರ ಪತ್ನಿ ಒಳಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

‘ಮೇಲಿನ ರೊಕ್ಕ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ಸಿಟ್ಟು ಬಂತು. ‘ತಮ್ಮಾ, ಮಕ್ಕಳನ್ನು ಬಿಟ್ಟು ಕಡತಗಳ ಬಳಿ ಹೋಗಬೇಡ. ಅಕ್ಷರ ಕಲಿಸುವುದಕ್ಕಿಂತ ದೊಡ್ಡ ಕಾಯಕ ಯಾವುದಿದೆ? ಆ ಹಳ್ಳಿಗೆ ನಿನ್ನ ಬದಲು ಇನ್ನೊಬ್ಬನು ಎಂದು ಬಂದಾನು? ಆದೇಶವನ್ನು ಮರಳಿಸಿಬಿಡು’ ಎಂದು ತೀರ್ಪು ಕೊಟ್ಟಂತೆ ನುಡಿದೆವು. ಶಿಕ್ಷಕರು ‘ಆಗಲಿ’ ಎಂಬಂತೆ ತಲೆಯಾಡಿಸಿದರು. ಆದರೆ ಆ ಒಪ್ಪಿಗೆಯಲ್ಲಿ ಬೆಳಕಿರಲಿಲ್ಲ.

ಆಗ ಬಾಗಿಲಿನಿಂದ ಮಾತು ಬಂತು.

‘ತಪ್ಪು ತಿಳೀಬ್ಯಾಡ್ರಿ ಗುರುಗಳೆ. ನಮಗ ಪಗಾರ ಸಾಲ್ತದರಿ. ರಾತ್ರಿ ಸಾಲವಲ್ದು.’

ಆ ತಾಯಿ ಮುಂದುವರಿದು ಹೇಳಿದ್ದಿಷ್ಟು: ‘ನಮ್ಮ ಅತ್ತಿಗೆ ರಾತ್ರಿ ಎರಡ್ಮೂರು ಸಲ ಮಗ್ಗಲಾ ಹೊರಳಸಬೇಕ್ರಿ. ನನಗ ರಾತ್ರಿ ಡ್ಯೂಟಿ ಬಂದಾಗ ಬಾಜೂಮನಿ ಅಕ್ಕ ಬಂದು ಮಾಡ್ತಾಳ. ಆಕಿಗೂ ವಯಸ್ಸಾಗ್ಯಾದ. ರಾಯಚೂರಿನಿಂದ ಆದ್ರ ಇವರು ದಿನಾ ರಾತ್ರಿ ಮನಿಗೆ ಬರ್ತಾರ. ಅದಕ್ಕ ಹೋಗೂದಾದ್ರ ಹೋಗ್ಲಿ. ಮ್ಯಾಲಿನ ರೊಕ್ಕಕ್ಕ ಹೋಗೂದಾದ್ರ ಬ್ಯಾಡ್ರಿ. ಅದು ನಮ್ಮ ಮನಿ ಹೊಸ್ತಿಲಾ ದಾಟೂದು ಬ್ಯಾಡ.’

ಪಡಸಾಲೆ ನಿಶ್ಶಬ್ದವಾಯಿತು. ಮಾವನವರು ರುಮಾಲು ಸರಿಪಡಿಸಿಕೊಂಡರು. ನಾವು ಮಾತು ಕಳೆದುಕೊಂಡೆವು. ಒಂದು ತಾಸು ನಾಲ್ಕು ಗಂಡಸರು ಸೇರಿ ಬೆರೆಸಿ ಕಲಸಿಟ್ಟಿದ್ದನ್ನು ಆಕೆ ನಾಲ್ಕು ಮಾತಿನಲ್ಲಿ ಬೇರೆ ಬೇರೆ ಮಾಡಿ ತೋರಿಸಿದ್ದರು. ಒಂದೇ ಹುದ್ದೆಯಲ್ಲಿ ಮನೆಗೆ ಬೇಕಾದದ್ದೂ ಇತ್ತು, ಮನೆಗೆ ಬೇಡವಾದದ್ದೂ ಇತ್ತು. ಮಾವನವರು ಬೇಡವಾದದ್ದಕ್ಕಾಗಿ ಹುದ್ದೆಯನ್ನು ಹಿಡಿಯೆಂದರು. ನಾವು ಬೇಡವಾದದ್ದಕ್ಕೆ ಅಂಜಿ ಹುದ್ದೆಯನ್ನೇ ಬಿಡೆಂದೆವು. ಬೇಕಾದದ್ದು ಏನೆಂದು ಇಬ್ಬರೂ ಕೇಳಲಿಲ್ಲ.

ಅವರನ್ನು ‘ಎಂಟು ದಿನ ಬಿಟ್ಟು ಬನ್ನಿ’ ಎಂದು ಕಳಿಸಿದೆವು. ಅಂದು ರಾತ್ರಿ ನಿದ್ರೆ ಬರಲಿಲ್ಲ. ನಾವು ಅಷ್ಟು ಬಿರುಸಾಗಿ ಏಕೆ ನುಡಿದೆವು ಎಂದು ನಮ್ಮನ್ನೇ ಕೇಳಿಕೊಂಡಾಗ, ಉತ್ತರ ಬಹಳ ಹಳೆಯ ಕಾಲದಿಂದ ಎದ್ದು ಬಂತು.

ಮಠದ ಪಾಠಶಾಲೆಯಲ್ಲಿ ಓದು ಮುಗಿಸಿದ ಮೇಲೆ ನಾವೂ ದೇವದುರ್ಗದ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದೆವು. 1991ರಲ್ಲಿ ರಾಯಚೂರಿನ ಒಂದು ಸರಕಾರಿ ಕಛೇರಿಯಲ್ಲಿ ಹುದ್ದೆ ದೊರೆಯಿತು. ಮನೆಯಲ್ಲಿ ಕೊರತೆಯೇನೂ ಇರಲಿಲ್ಲ. ಸಂಬಳದಲ್ಲಿ ವ್ಯತ್ಯಾಸ ಅಲ್ಪ. ಆದರೂ ಹೋದೆವು. ಪಂಡಿತರೆಂದು ಕರೆಸಿಕೊಳ್ಳುವುದಕ್ಕಿಂತ ‘ಸಾಹೇಬರು’ ಎಂದು ಕರೆಸಿಕೊಳ್ಳುವುದು ಸಿಹಿಯಾಗಿ ಕೇಳಿಸಿತ್ತು, ಕಾರಣ ಅಷ್ಟೇ. ಆ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ಒಂಬತ್ತನೆಯ ತರಗತಿಗೆ ಬಂದರೂ ಓದು ತಡವರಿಸುತ್ತಿತ್ತು. ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಕೂರಿಸಿಕೊಂಡು ಓದಿಸುತ್ತಿದ್ದೆವು. ನಾವು ಹೊರಡುವಾಗ ಅವನಿಗೆ ಒಂದು ಮಾತು ಹೇಳಲೂ ನೆನಪಾಗಲಿಲ್ಲ.

ಹದಿನಾಲ್ಕು ವರ್ಷಗಳ ಮೇಲೆ ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಹತ್ತಿಯ ಚೀಲ ಹೊತ್ತಿದ್ದ ಹಮಾಲನೊಬ್ಬ ನಮ್ಮನ್ನು ನೋಡಿ ಚೀಲ ಇಳಿಸಿ ಕೈಮುಗಿದ. ಅವನೇ. ‘ನೀವು ಹೋದ ಮ್ಯಾಲ ಯಾರೂ ಕೂರಸ್ಲಿಲ್ರಿ ಸರ, ನಾನೂ ಬಿಟ್ಟುಬಿಟ್ಟೆ’ ಎಂದು ನಗುತ್ತ ಹೇಳಿದ. ದೂರಿನ ದನಿಯಲ್ಲ. ಆಮೇಲೆ ಕೈಯಲ್ಲಿದ್ದ ಚೀಟಿಯನ್ನು ನಮ್ಮೆಡೆಗೆ ಚಾಚಿ, ‘ಇದರಾಗ ಯಾವ ಅಂಗಡಿ ಹೆಸರದರಿ ಸರ?’ ಎಂದು ಕೇಳಿದ. ನಾವು ಓದಿ ಹೇಳಿದೆವು. ಚೀಲ ಹೊತ್ತು ಹೋದ.

ಅಂದಿನಿಂದ ಆ ಚೀಟಿ ನಮ್ಮ ಎದೆಯಲ್ಲಿದೆ. ಮಾನ್ವಿಯ ಆ ಶಿಕ್ಷಕರಿಗೆ ನಾವು ಕೊಟ್ಟ ಉಪದೇಶ ಅವರ ಹಿತಕ್ಕಾಗಿ ಕೊಟ್ಟದ್ದಲ್ಲ. ನಮ್ಮ ತಪ್ಪಿಗೆ ಅವರಿಂದ ಪ್ರಾಯಶ್ಚಿತ್ತ ಮಾಡಿಸಲು ಹೊರಟಿದ್ದೆವು. ಒಬ್ಬರ ಸಾಲವನ್ನು ಇನ್ನೊಬ್ಬರಿಂದ ತೀರಿಸುವುದು ನ್ಯಾಯವಲ್ಲ. ಹಿರಿಯರಾದವರು ಸಲಹೆ ನೀಡುವಾಗ ಇದನ್ನು ನೆನಪಿಡಬೇಕು. ತಂದೆ ತಾನು ಏರಲಾಗದ ಕುರ್ಚಿಗೆ ಮಗನನ್ನು ಏರಿಸಲು ನೋಡುತ್ತಾನೆ. ಗುರು ತಾನು ಬಿಟ್ಟುಬಂದ ಶಾಲೆಯಲ್ಲಿ ಶಿಷ್ಯನನ್ನು ಕೂರಿಸಲು ನೋಡುತ್ತಾನೆ. ಎರಡರಲ್ಲಿಯೂ ಎದುರಿಗಿರುವವನು ಕಾಣಿಸುವುದಿಲ್ಲ.

ಹಾಗೆಂದು ಖಾಲಿಯಾಗುವ ಹುದ್ದೆಯ ಚಿಂತೆ ಸುಳ್ಳಲ್ಲ. ನಮ್ಮ ಸೀಮೆಯಲ್ಲಿ ಒಂದು ಸರಕಾರಿ ಹುದ್ದೆಯ ತೂಕ ಏನೆಂಬುದನ್ನು ಇತಿಹಾಸ ಬಲ್ಲವರು ಬಲ್ಲರು. ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದಾಗ ಕಛೇರಿಯ ಭಾಷೆ ಉರ್ದು. ಕನ್ನಡದಲ್ಲಿ ಮಾತ್ರ ಓದು ಬಲ್ಲವನಿಗೆ ಸರಕಾರದ ಬಾಗಿಲು ಎತ್ತರವಾಗಿತ್ತು. ಸಂಸ್ಥಾನದ ನೌಕರಿ ಸಂಸ್ಥಾನದವರಿಗೇ ಸಿಗಲೆಂದು 1919ರಲ್ಲಿ ಮುಲ್ಕಿ ನಿಯಮಗಳು ಬಂದವು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ರಾಯಚೂರು, ಗುಲ್ಬರ್ಗಾ, ಬೀದರ ಜಿಲ್ಲೆಗಳು ಮೈಸೂರು ರಾಜ್ಯದೊಡನೆ ಒಂದಾದವು. ಏಕೀಕರಣವಾಯಿತು, ಆದರೆ ಓದಿನಲ್ಲಿ ಮತ್ತು ಹುದ್ದೆಯಲ್ಲಿ ಹಿಂದುಳಿದದ್ದು ಹಾಗೆಯೇ ಉಳಿಯಿತು. ದೀರ್ಘ ಹೋರಾಟದ ಫಲವಾಗಿ ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಬಂದು, 2013ರ ಆದೇಶದಿಂದ ಈ ಭಾಗದ ಹುದ್ದೆಗಳಲ್ಲಿ ‘ಎ’ ಮತ್ತು ‘ಬಿ’ ಗುಂಪಿನಲ್ಲಿ ಶೇ. 75, ‘ಸಿ’ ಗುಂಪಿನಲ್ಲಿ ಶೇ. 80, ‘ಡಿ’ ಗುಂಪಿನಲ್ಲಿ ಶೇ. 85 ಸ್ಥಳೀಯರಿಗೆ ಮೀಸಲಾದವು. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರಾಯಿತು.

ಈ ಮೀಸಲಾತಿ ದೊರೆತದ್ದು ನಮ್ಮ ಮಕ್ಕಳಿಗೆ ಸಂಬಳ ಬರಲೆಂದು ಮಾತ್ರವಲ್ಲ. ನಮ್ಮ ಹಳ್ಳಿಗಳ ಶಾಲೆ, ದವಾಖಾನೆ, ಪಂಚಾಯತಿಗಳಲ್ಲಿ ನಮ್ಮ ಭಾಷೆ ಬಲ್ಲವರು ಕುಳಿತಿರಲೆಂದು. ಹಳ್ಳಿಯ ಹುದ್ದೆಯಿಂದ ಪಟ್ಟಣದ ಹುದ್ದೆಗೆ ಒಬ್ಬನು ದಾಟಿದರೆ ಆ ಕುರ್ಚಿ ಮುಂದಿನ ನೇಮಕಾತಿಯವರೆಗೆ ಖಾಲಿ ಉಳಿಯಬಹುದು. ಅತಿಥಿ ಶಿಕ್ಷಕರು ಬಂದು ಆ ಭಾರ ಹೊರುತ್ತಾರೆ. ಅವರ ಶ್ರಮಕ್ಕೆ ನಮ್ಮ ನಮಸ್ಕಾರ. ಆದರೆ ವರ್ಷವರ್ಷಕ್ಕೆ ಬದಲಾಗಬಹುದಾದ ವ್ಯವಸ್ಥೆಯ ಮೇಲೆ ಮಗುವಿನ ಓದು ಗಟ್ಟಿಯಾಗಿ ನಿಲ್ಲುವುದು ಕಷ್ಟ. ಆದ್ದರಿಂದ ಹೊರಡುವವನು ಹೊರಡಬಾರದೆಂದಲ್ಲ. ತಾನು ಏನನ್ನು ಬಿಟ್ಟು ಹೊರಡುತ್ತಿದ್ದೇನೆಂಬುದನ್ನು ಕಣ್ಣೆತ್ತಿ ನೋಡಿ ಹೊರಡಬೇಕು.

ಇಲ್ಲಿ ನಮ್ಮ ಶರಣರ ಬದುಕೇ ನಮಗೆ ಕೈಮರ. ಬಸವಣ್ಣನವರೂ ಅರಸನ ಸೇವೆಯಲ್ಲಿ ಒಂದು ಸ್ಥಾನದಿಂದ ಇನ್ನೊಂದಕ್ಕೆ ನಡೆದವರೇ. ಕೃಷ್ಣಾ ಮಲಪ್ರಭೆಯರು ಕೂಡುವ ಸಂಗಮವನ್ನು ಬಿಟ್ಟು ಹೊರಡಲು ಅವರು ನೊಂದರೆಂದು ಹರಿಹರನು ಬಸವರಾಜದೇವರ ರಗಳೆಯಲ್ಲಿ ಚಿತ್ರಿಸಿದ್ದಾನೆ. ಮಂಗಳವೇಢೆಯಲ್ಲಿ ಲೆಕ್ಕ ಬರೆಯುವ ಕರಣಿಕರಾದರು. ಮುಂದೆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾದರು ಎಂಬುದು ಪರಂಪರೆಯ ಮಾತು. ಅವರು ಸ್ಥಾನ ಬದಲಿಸಿದರು, ಆದರೆ ಸ್ಥಾನ ಅವರನ್ನು ಬದಲಿಸಲಿಲ್ಲ. ಮೇಲಕ್ಕೆ ಏರಿದಷ್ಟೂ ಅವರ ಮನೆಯ ಬಾಗಿಲು ಅಗಲವಾಯಿತೇ ಹೊರತು ಕಿರಿದಾಗಲಿಲ್ಲ. ಆದ್ದರಿಂದ ಹುದ್ದೆ ಬದಲಿಸುವುದೇ ಕಾಯಕದ್ರೋಹ ಎನ್ನುವವರಿಗೆ ನಮ್ಮ ಪರಂಪರೆಯಲ್ಲಿ ಆಧಾರವಿಲ್ಲ.

ಇನ್ನೊಂದು ಕಥೆ ನಮ್ಮ ಜಿಲ್ಲೆಯದೇ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಅದು ನಮಗೆ ಸಲ್ಲದೆಂದು ಹೇಳಿ, ತಂದಲ್ಲಿಗೇ ಮರಳಿಸಿ ಬರಲು ಕಳಿಸಿದವರು ಲಕ್ಕಮ್ಮನವರು. ಈ ಕಥೆಯನ್ನು ನಾವು ನೂರು ಸಲ ಪುರಾಣದ ಕಟ್ಟೆಯ ಮೇಲೆ ಹೇಳಿದ್ದೆವು. ಆದರೆ ಅದರಲ್ಲಿನ ಒಂದು ಸೂಕ್ಷ್ಮ ಮಾನ್ವಿಯ ಆ ತಾಯಿ ಬಾಗಿಲಲ್ಲಿ ನಿಂತು ನುಡಿಯುವವರೆಗೆ ನಮಗೆ ಹೊಳೆದಿರಲಿಲ್ಲ. ಲಕ್ಕಮ್ಮನವರು ಅಕ್ಕಿಯನ್ನೇ ಬೇಡವೆನ್ನಲಿಲ್ಲ. ಇಷ್ಟು ಬೇಕು, ಇಷ್ಟು ಹೆಚ್ಚು ಎಂದು ಅಳೆದರು. ಅಳತೆ ಅವರ ಕೈಯಲ್ಲಿತ್ತು, ಏಕೆಂದರೆ ಒಲೆ ಉರಿಸುವವರು ಅವರು. ಮನೆಗೆ ಎಷ್ಟು ಬೇಕೆಂಬುದು ಮನೆ ನಡೆಸುವವರಿಗೇ ಗೊತ್ತು. ಹುದ್ದೆಯ ಪ್ರಶ್ನೆ ಬಂದಾಗ ನಾವು ಮಾವನನ್ನು ಕೇಳುತ್ತೇವೆ, ಮಿತ್ರರನ್ನು ಕೇಳುತ್ತೇವೆ, ಮಠಕ್ಕೆ ಹೋಗಿ ಕೇಳುತ್ತೇವೆ. ಅಡುಗೆಮನೆಯ ಬಾಗಿಲಲ್ಲಿ ನಿಂತವರನ್ನು ಕೇಳುವುದಿಲ್ಲ. ಹೆಂಡತಿಯೇ ನೌಕರಿಯಲ್ಲಿದ್ದು ಆಕೆಗೆ ಹೊಸ ಹುದ್ದೆ ಬಂದಾಗಲೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ. ಆಗ ಅಳತೆಯ ಪಾತ್ರೆಗೆ ಗಂಡನೂ ಕೈಹಚ್ಚಬೇಕು.

ಎಂಟು ದಿನಗಳ ಮೇಲೆ ಅವರಿಬ್ಬರೇ ಬಂದರು. ಈ ಸಲ ನಾವು ತೀರ್ಪು ಹೇಳಲಿಲ್ಲ; ಪ್ರಶ್ನೆ ಕೇಳಿದೆವು. ಮೊದಲ ಪ್ರಶ್ನೆ: ‘ನಿಮಗೆ ಬೇಡವಾಗಿರುವುದು ಶಾಲೆಯೋ, ದೂರವೋ?’ ದೂರವೆಂದರು. ಹಾಗಿದ್ದರೆ ವರ್ಗಾವಣೆಯ ದಾರಿಯಿಲ್ಲವೇ ಎಂದೆವು. ಎಷ್ಟೋ ಜನ ಸ್ಥಳ ಬದಲಿಸಿದರೆ ತೀರುವ ಕಷ್ಟಕ್ಕೆ ಕಾಯಕವನ್ನೇ ಬದಲಿಸುತ್ತಾರೆ. ಶಿಕ್ಷಕರ ವರ್ಗಾವಣೆಗೆ 2007ರಿಂದ ಪ್ರತ್ಯೇಕ ಕಾನೂನಿದೆ. 2020ರಲ್ಲಿ ಅದು ಹೊಸ ರೂಪ ಪಡೆಯಿತು. ಗಂಡಹೆಂಡಿರಿಬ್ಬರೂ ಸರಕಾರಿ ಸೇವೆಯಲ್ಲಿದ್ದರೆ ಆದ್ಯತೆಯುಂಟು. ಆದರೆ ಪತ್ನಿ ಗುತ್ತಿಗೆಯವರಾದ್ದರಿಂದ ಅದು ಇವರಿಗೆ ಒದಗಲಿಲ್ಲ. ಹುದ್ದೆಗಳು ಬಹಳ ಖಾಲಿಯಿರುವ ತಾಲ್ಲೂಕಿನಿಂದ ಹೊರಬೀಳಲು ಮಿತಿಗಳೂ ಇವೆ. ಎರಡು ಸಲ ಅರ್ಜಿ ಹಾಕಿ ಸೋತಿದ್ದರು. ಆ ದಾರಿ ಮುಚ್ಚಿತ್ತು.

ಎರಡನೆಯ ಪ್ರಶ್ನೆ: ‘ಹೋದರೆ ಏನು ಕಳೆಯುತ್ತದೆ ಎಂಬುದನ್ನು ಬರೆದಿದ್ದೀರಾ?’ ಬರೆದು ತಂದಿದ್ದರು. ಬೇಸಿಗೆಯ ರಜೆ, ದಸರೆಯ ರಜೆ ಹೋಗುತ್ತದೆ. ಅದಕ್ಕೆ ಪ್ರತಿಯಾಗಿ, ರಜೆಯುಳ್ಳ ಇಲಾಖೆಯಲ್ಲಿ ವರ್ಷಕ್ಕೆ 10 ದಿನವಿರುವ ಗಳಿಕೆ ರಜೆ ಕಛೇರಿಯಲ್ಲಿ 30 ದಿನವಾಗುತ್ತದೆ. ಶನಿವಾರದ ಅರ್ಧ ದಿನ ಹೋಗುತ್ತದೆ. ಪ್ರತಿ ರಾತ್ರಿ ಬರುತ್ತದೆ. ಆರು ವರ್ಷದ ಜ್ಯೇಷ್ಠತೆ ಹೋಗಿ, ಹೊಸ ವೃಂದದಲ್ಲಿ ಕೊನೆಯವರಾಗಿ ನಿಲ್ಲಬೇಕು. ಮತ್ತೆ ಎರಡು ವರ್ಷದ ಪರೀಕ್ಷಾರ್ಥ ಅವಧಿ. ಈ ಲೆಕ್ಕವನ್ನು ಬರೆದವರು ಪತ್ನಿ ಎಂದು ಅಕ್ಷರ ನೋಡಿಯೇ ತಿಳಿಯಿತು.

ಮೂರನೆಯ ಪ್ರಶ್ನೆ: ‘ಮುಂಬಾಗಿಲಿನಿಂದ ಹೋಗುತ್ತೀರೋ, ಹಿತ್ತಲಿನಿಂದಲೋ?’ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಎಡವಿ ಹತ್ತಾರು ವರ್ಷದ ಸೇವೆ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ಸರಕಾರಿ ಸೇವೆಯಲ್ಲಿರುವವರು ಇನ್ನೊಂದು ಹುದ್ದೆಗೆ ಅರ್ಜಿ ಹಾಕುವಾಗ ತಮ್ಮ ಮೇಲಧಿಕಾರಿಯ ಮೂಲಕ, ನಿರಾಕ್ಷೇಪಣಾ ಪತ್ರ ಪಡೆದು ಹಾಕಬೇಕು. ಇರುವ ನೌಕರಿಯನ್ನು ಮುಚ್ಚಿಟ್ಟು ಅರ್ಜಿ ಹಾಕಿ, ಆದೇಶ ಬಂದ ಮೇಲೆ ಬರಿಯ ರಾಜೀನಾಮೆ ಬಿಸಾಕಿ ಹೋದರೆ, ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ ಪ್ರಕಾರ ಹಿಂದಿನ ಸೇವೆ ಲೋಪವಾಗುತ್ತದೆ. ಯುಕ್ತ ಅನುಮತಿಯೊಡನೆ ಇನ್ನೊಂದು ಸರಕಾರಿ ಹುದ್ದೆಗಾಗಿಯೇ ರಾಜೀನಾಮೆ ಕೊಟ್ಟರೆ ಅದು ಸೇವೆಯನ್ನು ತೊರೆದಂತೆ ಆಗುವುದಿಲ್ಲ. ಹಿಂದಿನ ಸೇವೆ ಮುಂದಕ್ಕೆ ಸೇರುತ್ತದೆ, ವೇತನ ರಕ್ಷಣೆಯನ್ನೂ ಕೇಳಬಹುದು. ಆದ್ದರಿಂದ ಬಿಡುಗಡೆ ಆದೇಶದಲ್ಲಿ ‘ಇಂಥ ಇಲಾಖೆಯ ಇಂಥ ಹುದ್ದೆಗೆ ಹಾಜರಾಗುವ ಸಲುವಾಗಿ’ ಎಂಬ ಮಾತು ಇದೆಯೇ ಎಂದು ಓದಿ ನೋಡಬೇಕು. ಸೇವಾ ಪುಸ್ತಕ ಹೊಸ ಕಛೇರಿಗೆ ತಲುಪಿತೇ ಎಂದು ಬೆನ್ನು ಹತ್ತಬೇಕು.

ಪಿಂಚಣಿಯ ವಿಷಯವೂ ಇದೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರು ಹೊಸ ಪಿಂಚಣಿ ಯೋಜನೆಗೆ ಒಳಪಟ್ಟರು. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10 ನೌಕರನ ವಂತಿಗೆ. ಇಂಥವರು ಹುದ್ದೆ ಬದಲಿಸಿದರೂ ಅವರ ‘ಪ್ರಾನ್’ ಸಂಖ್ಯೆ ಒಂದೇ. ಹೊಸದನ್ನು ಮಾಡಿಸಬಾರದು, ಹಳೆಯದನ್ನೇ ಹೊಸ ಕಛೇರಿಗೆ ವರ್ಗಾಯಿಸಿಕೊಳ್ಳಬೇಕು. ಆ ದಿನಾಂಕಕ್ಕಿಂತ ಮೊದಲು ಸೇರಿದ ಹಿರಿಯ ನೌಕರರಂತೂ ಸೇವೆ ಒಂದು ದಿನವೂ ಕಡಿಯದಂತೆ ನೋಡಿಕೊಳ್ಳಬೇಕು. ಅವರು ಕಳೆದುಕೊಳ್ಳುವುದು ಹೆಚ್ಚು. ನಮ್ಮ ಭಾಗದವರು ಇನ್ನೊಂದನ್ನೂ ಗಮನಿಸಬೇಕು: ಹೊಸ ಆದೇಶ 371(ಜೆ)ಯ ಸ್ಥಳೀಯ ವೃಂದದ್ದೋ, ಉಳಿಕೆ ಮೂಲ ವೃಂದದ್ದೋ? ಎರಡನೆಯದಾದರೆ ಮರಳಿ ನಮ್ಮ ಜಿಲ್ಲೆಗೆ ಬರುವ ದಾರಿ ಸುಲಭವಲ್ಲ.

ಕೊನೆಯದಾಗಿ ಕಛೇರಿಗಳಲ್ಲಿ ‘ಲೀನ್’ ಎಂದು ಕರೆಯುವ ಹಕ್ಕು. ಹಳೆಯ ಹುದ್ದೆಯಲ್ಲಿ ಖಾಯಮಾದವರು ಕ್ರಮವಾಗಿ ಹೋದರೆ, ಹೊಸ ಹುದ್ದೆಯ ಪರೀಕ್ಷಾರ್ಥ ಅವಧಿಯಲ್ಲಿ ಹಳೆಯದರ ಮೇಲೆ ಹಕ್ಕು ಉಳಿಸಿಕೊಳ್ಳಬಹುದು. ಅಲ್ಲಿ ಹೊಂದದಿದ್ದರೆ ಮರಳಬಹುದು. ನೌಕರನಿಗೆ ಇದೊಂದು ಆಸರೆ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಒಬ್ಬರ ಲೀನ್ ಇರುವ ಹುದ್ದೆಗೆ ಮತ್ತೊಬ್ಬರನ್ನು ಖಾಯಮಾಗಿ ನೇಮಿಸಲಾಗದು. ಹೊಸ ಹುದ್ದೆಯಲ್ಲಿ ಬೇರೂರಿದ ಮೇಲೆಯೂ ಹಳೆಯ ಇಲಾಖೆಗೆ ತಿಳಿಸದೆ ಮೈಮರೆತು ಕುಳಿತರೆ, ಕಾಗದದ ಮೇಲೆ ಆ ಶಾಲೆಗೆ ಶಿಕ್ಷಕನಿರುತ್ತಾನೆ, ಕೋಣೆಯಲ್ಲಿ ಇರುವುದಿಲ್ಲ. ತನಗೆ ಬೇಕಾದಷ್ಟು ದಿನ ಇಟ್ಟುಕೊಳ್ಳುವುದು ನ್ಯಾಯ; ಬೇಡವಾದ ಮೇಲೂ ಇಟ್ಟುಕೊಳ್ಳುವುದು ಹೆಚ್ಚಿನ ಅಕ್ಕಿ.

ಇಷ್ಟೆಲ್ಲ ಕೇಳಿದ ಮೇಲೆ ನಾವು, ‘ಹೋಗಿ ಬನ್ನಿ. ಆದರೆ ಅಲ್ಲಿ ಮಕ್ಕಳನ್ನು ಕೊಟ್ಟು ಬನ್ನಿ’ ಎಂದೆವು. ಅವರಿಗೆ ಅರ್ಥವಾಗಲಿಲ್ಲ. ಕಛೇರಿ ಬಿಡುವಾಗ ಕಡತಗಳ ಪಟ್ಟಿ ಮಾಡಿ, ಎಣಿಸಿ, ಸಹಿ ಪಡೆದು ಪ್ರಭಾರ ವಹಿಸಿಕೊಡುತ್ತೇವೆ. ಶಾಲೆ ಬಿಡುವಾಗ ಬೀರು, ಬಿಸಿಯೂಟದ ಪಾತ್ರೆ, ಹಾಜರಿ ಪುಸ್ತಕಗಳನ್ನು ಎಣಿಸಿ ಕೊಡುತ್ತೇವೆ. ಮಕ್ಕಳನ್ನು ಯಾರೂ ಎಣಿಸಿ ಕೊಡುವುದಿಲ್ಲ. ನಾವು 1991ರಲ್ಲಿ ಕೊಡಲಿಲ್ಲ. ಅದರ ಕಥೆಯನ್ನು ಅವರಿಗೆ ಹೇಳಿದೆವು.

ಆ ತರುಣರು ಹೊಸ ಕಛೇರಿಗೆ ಬರೆದು, ಹಾಜರಾಗಲು ಕಾಲಾವಕಾಶ ಪಡೆದು, ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಶಾಲೆಯಲ್ಲಿಯೇ ಉಳಿದರು. ಹೊರಡುವ ಮುನ್ನ ಇನ್ನೂರು ಪುಟದ ಒಂದು ನೋಟುಪುಸ್ತಕವನ್ನು ಮುಖ್ಯಗುರುಗಳ ಕೈಯಲ್ಲಿಟ್ಟರು. ಅದರಲ್ಲಿ ಒಂದೊಂದು ಮಗುವಿಗೆ ಒಂದೊಂದು ಪುಟ. ಯಾರಿಗೆ ಒತ್ತಕ್ಷರ ಬರುವುದಿಲ್ಲ, ಯಾರಿಗೆ ಭಾಗಾಕಾರ ತೊಡಕು, ಯಾರಿಗೆ ಹಿಂದಿನ ಸಾಲಿನಲ್ಲಿ ಕುಳಿತರೆ ಹಲಗೆ ಕಾಣುವುದಿಲ್ಲ, ಯಾರ ತಂದೆತಾಯಿ ಬೆಂಗಳೂರಿಗೆ ಗುಳೆ ಹೋಗಿ ಅಜ್ಜಿಯ ಬಳಿ ಉಳಿದಿದ್ದಾರೆ, ಹತ್ತಿ ಬಿಡಿಸುವ ಕಾಲಕ್ಕೆ ಯಾರು ಶಾಲೆ ತಪ್ಪಿಸುತ್ತಾರೆ ಮತ್ತು ಯಾರ ಮನೆಗೆ ಹೋಗಿ ಕರೆದರೆ ಮರಳಿ ಬರುತ್ತಾರೆ, ಎಲ್ಲವನ್ನೂ ಬರೆದಿದ್ದರು. ಜೂನ್ ತಿಂಗಳಲ್ಲಿ ಬಂದ ಅತಿಥಿ ಶಿಕ್ಷಕಿ ಆ ಪುಸ್ತಕವನ್ನು ತೆಗೆದುಕೊಂಡು ಪಾಠ ಆರಂಭಿಸಿದರಂತೆ. ಮಕ್ಕಳ ಹೆಸರು ಕೇಳುವ ಮೊದಲೇ ಅವರ ಕಷ್ಟ ಆಕೆಗೆ ತಿಳಿದಿತ್ತು.

ಇಂದು ಆ ತರುಣರು ಬೆಳಿಗ್ಗೆ ಮಾನ್ವಿಯಿಂದ ಬಸ್ಸು ಹಿಡಿದು ನೀರಮಾನ್ವಿ ದಾಟಿ ರಾಯಚೂರಿಗೆ ಬರುತ್ತಾರೆ. ರಾತ್ರಿ ಮನೆ ಸೇರುತ್ತಾರೆ. ಕೆಲಸ ಸುಲಭವೇನಲ್ಲ. ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸುವ ದಿನಗಳಲ್ಲಿ ಕೊನೆಯ ಬಸ್ಸೂ ತಪ್ಪುವುದುಂಟು. ಶಾಲೆಯ ನೆನಪು ಬರುತ್ತದೆ ಎನ್ನುತ್ತಾರೆ. ಮಾವನವರು ಹೇಳಿದ ಆ ‘ನಾಕು ರೊಕ್ಕ’ ಮೇಜಿನವರೆಗೆ ಬಂದದ್ದೂ ಉಂಟಂತೆ, ಹೊಸ್ತಿಲು ದಾಟಿಲ್ಲ. ಅವರ ತಾಯಿ ಕಳೆದ ವರ್ಷ ಶ್ರಾವಣದಲ್ಲಿ ಲಿಂಗೈಕ್ಯರಾದರು. ರಾತ್ರಿ ಮಗ್ಗುಲು ಹೊರಳಿಸುವಾಗ ಮಗನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದರೆಂದು ಆತ ಹೇಳುವಾಗ ನಾವು ನಮ್ಮ ಮೊದಲ ಉಪದೇಶವನ್ನು ನೆನೆದು ಒಳಗೇ ನಡುಗಿದೆವು. ಅದನ್ನು ಅವರು ಕೇಳಿದ್ದರೆ?

ಈ ವರ್ಷ ಅವರ ಪರೀಕ್ಷಾರ್ಥ ಅವಧಿ ಮುಗಿದಿರುವುದಾಗಿ ಆದೇಶ ಬಂತು. ಮರುದಿನವೇ ಅವರು ಶಿಕ್ಷಣ ಇಲಾಖೆಗೆ ಪತ್ರ ಬರೆದು, ಆ ಹಳ್ಳಿಯ ಶಾಲೆಯ ಹುದ್ದೆಯ ಮೇಲಿನ ತಮ್ಮ ಲೀನನ್ನು ಮುಕ್ತಾಯಗೊಳಿಸಿ, ಹುದ್ದೆಯನ್ನು ಖಾಲಿಯೆಂದು ಪರಿಗಣಿಸಬೇಕೆಂದು ಕೋರಿದರು. ಪತ್ರದ ಪ್ರತಿಯೊಂದನ್ನು ನಮಗೆ ತೋರಿಸಲು ತಂದಿದ್ದರು. ನಾವು ಓದಿ, ಮಡಚಿ, ಮರಳಿ ಅವರ ಕೈಯಲ್ಲಿಟ್ಟೆವು. ರಾಜೇಂದ್ರ ಗಂಜಿನ ಚೀಟಿಯ ಭಾರ ಅಂದು ಒಂದಿಷ್ಟು ಕಡಿಮೆಯಾದಂತೆ ತೋರಿತು. ಪೂರ್ತಿ ಇಳಿಯಲಿಲ್ಲ, ಇಳಿಯಲೂ ಬಾರದು.

ಬಂಧುಗಳೇ, ನಿಮ್ಮ ಮನೆಗೂ ಇಂಥ ಆದೇಶದ ಲಕೋಟೆ ಬರಬಹುದು. ಬಂದಾಗ ಹರ್ಷಪಡಿರಿ. ಆಮೇಲೆ ದೀಪ ಹಚ್ಚುವ ಹೊತ್ತಿಗೆ ಗಂಡಹೆಂಡಿರಿಬ್ಬರೂ ಕುಳಿತು ಕೇಳಿಕೊಳ್ಳಿರಿ: ಇದರಲ್ಲಿ ನಮಗೆ ಬೇಕಾದದ್ದು ಎಷ್ಟು, ಹೆಚ್ಚಿನದು ಎಷ್ಟು? ಬೇಕಾದದ್ದಿದ್ದರೆ ಅಳುಕದೆ ಹೋಗಿರಿ. ಹೆಚ್ಚಿನದನ್ನು ಅಲ್ಲಿಯೇ ಬಿಡಿರಿ. ಬೇಕಾದದ್ದು ಇರುವಲ್ಲಿಯೇ ಇದ್ದರೆ, ಲಕೋಟೆಯನ್ನು ಮರಳಿಸಲು ನಾಚಬೇಡಿರಿ. ಹೋಗುವವರು ಕೊಟ್ಟು ಹೋಗಿರಿ. ಉಳಿಯುವವರು ಮನಸಿಟ್ಟು ಉಳಿಯಿರಿ.